ಮಾಲು ಮುಟ್ಟಿದ್ದಕ್ಕೆ ರಸೀದಿ

ನಗುವಂಥ ಪ್ರಸಂಗಗಳು ಮಾತುಗಾರರಿಗೇ ಆಗುತ್ತವೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಸುಮ್ಮನೆ ಮೂಲೆಯಲ್ಲಿ ನಿಂತವನನ್ನೇ ಅವು ಹುಡುಕಿಕೊಂಡು ಬರುತ್ತವೆ, ಅದೂ ಅವನಿಗೆ ನಗುವ ಮನಸ್ಸಿಲ್ಲದ ಹೊತ್ತು ನೋಡಿ.

ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ದೀಪಾವಳಿಯ ರಜೆ ಮುಗಿದ ವಾರ, ಬೇರೆ ಕಾಲೇಜಿನಿಂದ ಇಲ್ಲಿಗೆ ಬರಬೇಕೆಂದು ಅರ್ಜಿ ಹಿಡಿದ ಒಬ್ಬಿಬ್ಬರು ಪ್ರತಿ ವರ್ಷ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ಮೊದಲ ಟರ್ಮಿನಲ್ಲಿ ನಪಾಸಾದವರು. ಅವರ ಮುಖ ಕಂಡರೆ ನನಗೆ ನಗು ಬರುತ್ತದೆ. ಜೊತೆಯ ಮಾಸ್ತರರು ನನ್ನನ್ನು ಕಲ್ಲೆದೆಯವನು ಎಂದುಕೊಂಡಿದ್ದಾರೆ. ಅಂಥದೇ ಬೆಂಚಿನ ಮೇಲೆ ನಾನೂ ಕೂತಿದ್ದೆ ಎಂದು ಅವರಿಗೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ. ಐವತ್ತರ ದಶಕದ ಮಾತು, ನಮ್ಮ ಕಡೆ ಇನ್ನೂ ಮುಂಬಯಿ ರಾಜ್ಯವಿದ್ದಾಗಿನದು. ಕಾಲೇಜುಗಳ ಹೆಸರು ಬೇಡ. ಒಂದು ದೊಡ್ಡ ಕಾಲೇಜು, ಇನ್ನೊಂದು ಸಣ್ಣ ಕಾಲೇಜು ಎಂದರೆ ಸಾಕು.

೧. ಘಟ್ಟಕ್ಕೆ ಕೂತ ಪುಸ್ತಕ

ನಾವು ಗಜೇಂದ್ರಗಡದ ನೇಕಾರರು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ, ನಾನು. ಅವ್ವ ನಾನು ಏಳನೆಯ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಪಡಸಾಲೆಯಲ್ಲಿ ಹಿಂದೆ ಎರಡು ಮಗ್ಗಗಳಿದ್ದವು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥ ಮಗ್ಗ. ಒಂದು ಅಪ್ಪನದು. ಇನ್ನೊಂದು ಅಜ್ಜನದು. ಅಜ್ಜ ಸತ್ತ ಮೇಲೆ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಕುಣಿಗೆ ಮಣ್ಣು ತುಂಬಿ ಸಾರಿಸಿದ್ದರು. ಅಪ್ಪನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು. ಎಳೆ ಕಡಿದರೆ ಬೆರಳಾಡಿಸಿ ಹುಡುಕುತ್ತಿದ್ದ. ಮನೆಗೆ ಬೇಕಾದದ್ದು ಇನ್ನೊಂದು ಜೊತೆ ಕಣ್ಣು. ಆದರೂ ಮ್ಯಾಟ್ರಿಕ್ ಪಾಸಾದ ನನ್ನನ್ನು ಕಾಲೇಜಿಗೆ ಕಳಿಸಿದ. ಹೋಗುವಾಗ ಒಂದೇ ಮಾತು ಹೇಳಿದ: "ಕಲಿ. ಒಂದ ವರ್ಷ ಕೆಟ್ಟಿತಂದ್ರ ಮಗ್ಗಕ್ಕ ಕೂಡು."

ಓಣಿಯಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ. ಮೊದಲಿಗನಾದ ಮೇಲೆ ಸೈನ್ಸೇ ಓದಬೇಕು ಎಂದು ಓಣಿಯ ಹಿರಿಯರು ತೀರ್ಮಾನಿಸಿದರು. ನನಗೆ ಕಥೆ, ಕವಿತೆ, ಇತಿಹಾಸ ಸೇರುತ್ತಿತ್ತು. ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ದಸರೆಯ ರಜೆಗೆ ಬರುವಾಗ ಕಾಲೇಜಿನ ಗ್ರಂಥಾಲಯದಿಂದ ಭೌತಶಾಸ್ತ್ರದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದೆ. ರಜೆ ಮುಗಿದ ಕೂಡಲೇ ಪರೀಕ್ಷೆ. ಬಂದ ದಿನವೇ ನಮ್ಮಲ್ಲಿ ಘಟ್ಟ ಹಾಕುವ ದಿನ. ಪತ್ರಾವಳಿಯಲ್ಲಿ ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು ಒಂಬತ್ತು ದಿನ ಪೂಜೆ. ಒಮ್ಮೆ ಕೂಡಿಸಿದ ಮೇಲೆ ಘಟ್ಟವನ್ನು ಹತ್ತನೆಯ ದಿನದವರೆಗೂ ಕದಲಿಸುವಂತಿಲ್ಲ.

ಅಜ್ಜಿ ನನ್ನ ಪುಸ್ತಕಗಳ ಮುಂದೆ ನಿಂತು ಕೇಳಿದಳು: "ಇದರಾಗ ನಿನಗ ಭಾಳ ತ್ರಾಸ ಕೊಡೋದು ಯಾವುದು?"

ನಾನು ಯೋಚಿಸದೆ ದಪ್ಪ ಪುಸ್ತಕ ತೋರಿಸಿದೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಅದು ಘಟ್ಟದ ಅಡಿಗೆ ಪೀಠವಾಗಿತ್ತು. ಮೇಲೆ ಮಣ್ಣು, ಮಣ್ಣಿನ ಮೇಲೆ ಗಡಿಗೆ, ಪಕ್ಕದಲ್ಲಿ ಆರದಂತೆ ದೀಪ.

"ಅಜ್ಜೀ, ಅದನ್ನ ನಾ ಓದಬೇಕು."

"ನೀ ಮೂರು ತಿಂಗಳು ಓದೀದಿ. ಏನ್ ಬಂತು? ಒಂಬತ್ತು ದಿನ ದೇವರು ನೋಡಲಿ."

ಒಂಬತ್ತು ದಿನ ದೇವರು ನೋಡಿದ. ಅಜ್ಜಿ ಬೆಳಿಗ್ಗೆ ಸಂಜೆ ನೀರು ಹಾಕಿದಳು. ಹತ್ತನೆಯ ದಿನ ಘಟ್ಟ ಎತ್ತಿದರೆ ಮೇಲೆ ಗೇಣುದ್ದ ಪೈರು. ಕೆಳಗೆ, ಹಾಳೆಗಳ ಸಂದಿಗೆ ಇಳಿದ ನಾಲ್ಕು ಜೋಳದ ಕಾಳು ಉಷ್ಣದ ಅಧ್ಯಾಯದಲ್ಲಿ ಮೊಳೆತು ಬಿಳಿ ಬೇರು ಬಿಟ್ಟಿದ್ದವು.

ಪರೀಕ್ಷೆಯಲ್ಲಿ ನನಗೆ ಧೂಪದ ವಾಸನೆ ಒಂದೇ ನೆನಪಿಗೆ ಬಂತು. ಭೌತಶಾಸ್ತ್ರದಲ್ಲಿ ನೂರಕ್ಕೆ ಹದಿಮೂರು. ಮನೆಗೆ ಬಂದು ಅಜ್ಜಿಯ ಮೇಲೆ ಸಿಟ್ಟು ಮಾಡಿದೆ. ಅವಳು ಶಾಂತವಾಗಿ ಹೇಳಿದಳು: "ಹದಿಮೂರರೆ ಎಲ್ಲಿಂದ ಬಂದ್ವು ಅಂತ ತಿಳದೀದಿ? ಅವು ಘಟ್ಟದ್ದು. ನೀ ಓದಿದ್ರ ಅವೂ ಬರ್ತಿದ್ದಿಲ್ಲ."

೨. ಮಾತಾಡಿಸಲು ಬಂದವರು

ದೀಪಾವಳಿಗೆ ಟ್ರಂಕು, ಹಾಸಿಗೆಯ ಸುರುಳಿ ಸಮೇತ ಊರಿಗೆ ಬಂದೆ. ರಜೆಗೆ ಬಂದವನು ಹಾಸಿಗೆ ತರುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಅದನ್ನು ಹೊತ್ತು ನಡೆದದ್ದೇ ಸಾಕಾಯಿತು. ಫಲಿತಾಂಶ ಓಣಿಗೆ ಮುಟ್ಟಿತು.

ಮರುದಿನ ಬೆಳಿಗ್ಗೆ ಅಪ್ಪ ಗುದ್ದಲಿ ತಂದು ಅಜ್ಜನ ಕುಣಿಯ ಮಣ್ಣು ತೆಗೆಯತೊಡಗಿದ. ಕಣ್ಣು ಸರಿಯಾಗಿ ಕಾಣದಿದ್ದರಿಂದ ನಿಧಾನ. ದಿನಕ್ಕೆ ನಾಲ್ಕಾರು ಬುಟ್ಟಿ ಮಣ್ಣು ಬಾಗಿಲಿನ ಹೊರಗೆ ಬೀಳುತ್ತಿತ್ತು. ಬುಟ್ಟಿ ಹೊರುತ್ತಿದ್ದವನು ನಾನೇ. ಇಬ್ಬರೂ ಮಾತಾಡಲಿಲ್ಲ.

ಮೂರನೆಯ ದಿನ ಓಣಿಯ ಐದು ಜನ ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. ಹೆಗಲ ಮೇಲೆ ಟವೆಲು, ನೋಟ ನೆಲದ ಕಡೆ. ಅವ್ವ ಹೋದಾಗಲೂ ಇದೇ ಐವರು, ಇದೇ ಕಟ್ಟೆಯ ಮೇಲೆ, ಇದೇ ಸಾಲಿನಲ್ಲಿ ಕೂತಿದ್ದರು. ನಮ್ಮ ಕಡೆ ಇದಕ್ಕೆ 'ಮಾತಾಡಿಸಾಕ ಬರೋದು' ಎನ್ನುತ್ತಾರೆ. ಅಲ್ಲಿ ಯಾರೂ ಮಾತಾಡುವುದಿಲ್ಲ.

ಬಹಳ ಹೊತ್ತಿನ ಮೇಲೆ ಒಬ್ಬರು ಅಂದರು: "ಏನ್ ಮಾಡೋದಪಾ, ನಮ್ಮ ಕೈಯಾಗ ಏನೈತಿ."

"ಹೌದು. ಸಣ್ಣ ವಯಸ್ಸು."

"ಕಡೀತನಕ ಯಾರಿಗೂ ಗೊತ್ತಾಗಲಿಲ್ಲ?"

"ಪರೀಕ್ಷಿ ದಿನಾನೂ ಚಲೋ ಇದ್ನಂತ. ಅನ್ನ ಉಂಡು ಹೋಗಿದ್ನಂತ."

ನಾನು ಕಿಟಕಿಯ ಹಿಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಅಜ್ಜಿ ಚಹಾ ತಂದಳು. ಇಂಥ ಮನೆಯಲ್ಲಿ ಕುಡಿಯಬಾರದೆಂದು ಯಾರೂ ಮುಟ್ಟಲಿಲ್ಲ. ಏಳುವಾಗ 'ಬರ್ತೀವಿ' ಎಂದು ಹೇಳದೆ ಎದ್ದು ಹೋದರು, ಸಾವಾದ ಮನೆಯಿಂದ ಎದ್ದು ಹೋಗುವ ಹಾಗೆ. ಮರುದಿನ ಮತ್ತೆ ಬಂದರು. ಮೂರು ದಿನ ಬರುವುದು ಪದ್ಧತಿ.

ಅಷ್ಟರಲ್ಲಿ ನಾನು ಅಜ್ಜಿಗೆ ಒಂದು ವಿಷಯ ಹೇಳಿದ್ದೆ. ವರ್ಷ ಇನ್ನೂ ಪೂರ್ತಿ ಕೆಟ್ಟಿಲ್ಲ. ಸಣ್ಣ ಕಾಲೇಜಿಗೆ ಹೋಗಿ ಆರ್ಟ್ಸ್ ಸೇರಿದರೆ ಎರಡನೆಯ ಟರ್ಮಿನಿಂದ ಮುಂದುವರಿಯಬಹುದು ಎಂದು. ಅಜ್ಜಿ ಅಪ್ಪನಿಗೆ ಹೇಳಿದಳು. ಅಪ್ಪ ಕುಣಿಯೊಳಗಿಂದಲೇ "ಅಕ್ಕ ಬರಲಿ" ಎಂದ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಪುರ್ತಗೇರಿಯಲ್ಲಿದ್ದಳು. ಮನೆಯ ದೊಡ್ಡ ಮಾತು ಅವಳದು. ಪುರ್ತಗೇರಿಗೆ ಹೊರಟಿದ್ದ ಒಬ್ಬ ಗಾಡಿಯವನಿಗೆ ಅಜ್ಜಿ "ಲಗೂ ಬರಾಕ ಹೇಳಪಾ" ಎಂದಳು. ಅವನು ಯಾಕೆ ಎಂದು ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ. ಅತ್ತೆಗೆ ಅಷ್ಟನ್ನೇ ಮುಟ್ಟಿಸಿದ. ನಮ್ಮ ಕಡೆ ಹತ್ತಿರದವರಿಗೆ ಸಾವಿನ ಸುದ್ದಿಯನ್ನು ಬಿಡಿಸಿ ಹೇಳುವುದಿಲ್ಲ. 'ಲಗೂ ಬರಬೇಕಂತ' ಎಂದು ಮುಖ ತಿರುಗಿಸುತ್ತಾರೆ. ಅವನು ಮುಖವನ್ನೂ ತಿರುಗಿಸಿದ್ದನಂತೆ, ಎತ್ತು ಜಗ್ಗುತ್ತಿತ್ತೆಂದು.

ಅತ್ತೆ ಓಣಿಯ ತಿರುವಿಗೆ ಬಂದಾಗ ಐವರೂ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಬಾಗಿಲಲ್ಲಿ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಅಜ್ಜಿ, ಒಳಗೆ ಅಪ್ಪನ ಗುದ್ದಲಿಯ ಸದ್ದು. ಕಾಣದವನು ನಾನೊಬ್ಬನೇ. ಅಲ್ಲಿಂದಲೇ ಅವಳು ಹಾಡಿಕೊಂಡು ಅಳುತ್ತ ಬಂದಳು.

"ಯಪ್ಪಾ ನನ್ನ ಶಾಣ್ಯಾನ... ದೊಡ್ಡ ಸಾಲಿ ಕಲತಾವನ... ಅತ್ತೀಗೆ ಒಂದ ಮಾತ ಹೇಳದ ಹೊಂಟ್ಯಾ ನನ್ನಪ್ಪಾ..."

ಯಾರು ಸತ್ತರೆಂದು ನೋಡಲು ನಾನು ಮಣ್ಣಿನ ಬುಟ್ಟಿ ಹೊತ್ತು ಹೊರಗೆ ಬಂದೆ. ಅತ್ತೆ ನನ್ನನ್ನು ನೋಡಿದಳು. ಸುರು ಮಾಡಿದ ಹಾಡನ್ನು ನಡುವೆ ಬಿಡಲಾಗದೆ ನನ್ನ ಮುಖ ನೋಡುತ್ತಲೇ ಇನ್ನೆರಡು ಸಾಲು ಹಾಡಿದಳು. ಆಮೇಲೆ ಕಪಾಳಕ್ಕೆ ಒಂದು ಕೊಟ್ಟಳು.

"ಜೀವಂತ ಅದಿಯಲ್ಲೋ, ಭಾಡ್ಯಾ!"

"ನಪಾಸಾಗೀನಿ, ಅತ್ತಿ."

"ಅಷ್ಟ?"

ಅಪ್ಪ ಕುಣಿಯಿಂದ ಮೇಲೆ ಬಂದು ವಿಷಯ ಹೇಳಿದ. ಅತ್ತೆ ಪೂರ್ತಿ ಕೇಳಲಿಲ್ಲ. "ಜೀವ ಐತಿ, ಕೈಕಾಲು ಅದಾವು. ಯಾವ ಸಾಲಿಗೆ ಬೇಕಾದ್ರೂ ಹೋಗವಲ್ಲನ್ಯಾಕ. ಶನಿವಾರದೊಳಗ ಹೆಸರು ಹಚ್ಚಿದ್ರ ಕಲೀಲಿ. ಹಚ್ಚಲಿಲ್ಲಂದ್ರ ಕುಣಿ ಐತಿ." ತೀರ್ಮಾನವಾಯಿತು. ನಾನು ಬರೆದು ಕೇಳಿದ್ದಕ್ಕೆ ಸಣ್ಣ ಕಾಲೇಜಿನ ಕಾರ್ಡು ಆಗಲೇ ಬಂದಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯ ವೇಳೆ. ದೊಡ್ಡ ಕಾಲೇಜು ಬಿಟ್ಟಿದ್ದಕ್ಕೆ ಅಲ್ಲಿಯ ದಾಖಲೆ ಕೈಯಲ್ಲಿರಬೇಕು.

ಉಳಿದ ತೊಡಕು ಬುತ್ತಿಯದು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಅತ್ತೆ ರೊಟ್ಟಿ, ಝುಣಕ ಕಟ್ಟಿಕೊಂಡು ಬಂದಿದ್ದಳು. ಅಂಥ ಬುತ್ತಿಯನ್ನು ಜೀವಂತ ಮನೆಯವರು ಉಣ್ಣುವಂತಿಲ್ಲ ಎಂದಳು ಅಜ್ಜಿ. ವಾಪಸು ಒಯ್ಯುವಂತೆಯೂ ಇಲ್ಲ ಎಂದಳು ಅತ್ತೆ. ಕಟ್ಟೆಯ ಮೇಲಿನ ಐವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಅಂದೂ 'ಬರ್ತೀವಿ' ಅನ್ನಲಿಲ್ಲ.

ಕಡೆಗೆ ಅತ್ತೆಯೇ ದಾರಿ ಹುಡುಕಿದಳು: "ಇವಗೇ ಕೊಡು. ಯಾರ ಸಲುವಾಗಿ ಬಂದೈತೋ ಅವನ ಉಂಡ್ರ ದೋಷಿಲ್ಲ."

೩. ಹನ್ನೆರಡನೆಯದು

ಗುರುವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ರೋಣ, ನರಗುಂದ ಹಾದು ದೊಡ್ಡ ಊರಿಗೆ ಹೋಗುವುದು ದಿನಕ್ಕೆ ಅದೊಂದೇ.

ಹೊರಟವನನ್ನು ನಮ್ಮ ಕಡೆ 'ಎಲ್ಲಿಗೆ' ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. "ದೂರೇನು?" ಎನ್ನುತ್ತಾರೆ. "ಹೂಂ, ದೂರ" ಎಂದರೆ ಮುಗಿಯಿತು. ಅಂದು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನ ನನ್ನನ್ನು ದೂರೇನು ಎಂದು ಕೇಳಿದರು. ನಾನು ಸೈನ್ಸ್ ಬಿಡಲು ಹೊರಟಿದ್ದೇನೆ ಎಂದು ಒಬ್ಬರಿಗೂ ತಿಳಿಯಲಿಲ್ಲ. ಮುಂದೆ ನಾಲ್ಕು ವರ್ಷವೂ ಯಾರೂ ಕೇಳಲಿಲ್ಲ. ಬಿ.ಎ. ಪಾಸಾಗಿ ಬಂದಾಗ ಓಣಿಯವರು ಕೆಟ್ಟ ಗಡಿಯಾರ ಹಿಡಿದು ಮನೆಗೆ ಬಂದರು, ಸೈನ್ಸ್ ಕಲಿತವನು ರಿಪೇರಿ ಮಾಡುತ್ತಾನೆಂದು.

ಅದಿರಲಿ. ಡ್ರೈವರು ಗಾಡಿ ಚಾಲೂ ಮಾಡಿ ಗೇರು ಹಾಕಿದ. ಹಿಂದಿನ ಸೀಟಿನಲ್ಲಿದ್ದ ಒಬ್ಬ ಮುದುಕ ಸೀನಿದ. ಒಂದೇ ಸೀನು.

ಡ್ರೈವರು ಎಂಜಿನ್ ಬಂದ್ ಮಾಡಿದ.

ಎರಡು ಸೀನಾದರೆ ಚಿಂತೆಯಿಲ್ಲ. ಒಂಟಿ ಸೀನಿಗೆ ಹೊರಡಬಾರದು. ಎಲ್ಲರೂ ಹಿಂದೆ ತಿರುಗಿ ಮುದುಕನನ್ನು ನೋಡಿದರು.

"ಯಜ್ಜಾ, ಇನ್ನೊಂದು?"

"ಬರವಲ್ದಪಾ."

"ಸ್ವಲ್ಪ ಪ್ರಯತ್ನಾ ಮಾಡ್ರಿ. ಮಂದಿ ಕೆಲಸ ಅದಾವು."

ಮುದುಕ ಸೂರ್ಯನನ್ನು ನೋಡಿದ. ಮೂಗು ತಿಕ್ಕಿದ. ಬರಲಿಲ್ಲ. ಕಂಡಕ್ಟರು ತನ್ನ ಡಬ್ಬಿಯಿಂದ ಒಂದು ಚಿಟಿಕೆ ತಪಕೀರು ಮೂಗಿಗೆ ಏರಿಸಲು ಕೊಟ್ಟ. ಅದು ಎಂಥ ತಪಕೀರೋ! ಎರಡನೆಯ ಸೀನು ಬಂತು. ಡ್ರೈವರು ಎಂಜಿನ್ ಚಾಲೂ ಮಾಡಿದ. ಮೂರನೆಯದು ಬಂತು. ಬಂದ್ ಮಾಡಿದ. ನಾಲ್ಕು, ಚಾಲೂ. ಐದು, ಬಂದ್. ಇಡೀ ಬಸ್ಸು ಎಣಿಸತೊಡಗಿತು. ನನ್ನ ತೊಡೆಯ ಮೇಲೆ ಅಜ್ಜಿ ಹೊಸ ಖಣದ ಬಟ್ಟೆಯಲ್ಲಿ ಸುತ್ತಿದ ಗ್ರಂಥಾಲಯದ ಪುಸ್ತಕವಿತ್ತು. ಶನಿವಾರದವರೆಗೆ ಎಷ್ಟು ತಾಸು ಉಳಿದಿವೆ ಎಂದು ನಾನು ಎಣಿಸುತ್ತಿದ್ದೆ.

ಹನ್ನೊಂದನೆಯ ಸೀನಿಗೆ ಮುದುಕ ಸುಸ್ತಾಗಿ ನಿಲ್ಲಿಸಿದ. ಹನ್ನೊಂದು ಬೆಸ.

ಕಂಡಕ್ಟರು ಗಡಿಯಾರ ನೋಡಿ, "ಹೋಗೂಣು, ಆದ್ರ ಸಾವಕಾಶ" ಎಂದ. ಹನ್ನೆರಡನೆಯದು ಬರುವವರೆಗೆ ಅಪಘಾತವಾಗಬಾರದು ಎಂದು ಡ್ರೈವರು ಬಸ್ಸನ್ನು ಎತ್ತಿನ ಗಾಡಿಯ ಹಾಗೆ ಹೊಡೆದ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ. ರೋಣದ ಹತ್ತಿರ ಮುದುಕ ಹನ್ನೆರಡನೆಯದನ್ನು ಸೀನಿದಾಗ ಬಸ್ಸಿನವರು ಚಪ್ಪಾಳೆ ತಟ್ಟಿದರು.

ಮುದುಕ ರೋಣದಲ್ಲೇ ಇಳಿದುಬಿಟ್ಟ. ಕಂಡಕ್ಟರು ಬೆರಗಾಗಿ ಕೇಳಿದ: "ಯಾಕ್ರಿ ಅಜ್ಜಾರ? ಟಿಕೆಟ್ ನರಗುಂದಕ್ಕ ಐತಿ."

ಮುದುಕ ಮೂಗು ಒರೆಸಿಕೊಂಡ: "ಇಲ್ಲಪಾ. ಮತ್ತೊಂದು ಬರೋ ಹಂಗ ಐತಿ."

೪. ಗ್ರಂಥಪಾಲರ ಕಪಾಟು

ನಾನು ದೊಡ್ಡ ಕಾಲೇಜು ಮುಟ್ಟುವಾಗ ಗುಮಾಸ್ತರು ಕಪಾಟಿಗೆ ಕೀಲಿ ಹಾಕುತ್ತಿದ್ದರು. ದಾಖಲೆ ಕೊಡಲು ಗ್ರಂಥಪಾಲರ ಸಹಿ ಬೇಕೆಂದರು. ಗ್ರಂಥಪಾಲರು ಮನೆಗೆ ಹೋಗಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವರ ಮೇಜಿನ ಮುಂದೆ ನಿಂತೆ. ತೆಳ್ಳಗಿನ ವಯಸ್ಸಾದ ಮನುಷ್ಯ, ಹಣೆಯ ಮೇಲೆ ಮುದ್ರೆ. ಪುಸ್ತಕಕ್ಕೆ ಕಲೆ ಬಿದ್ದರೆ ಹುಡುಗರನ್ನು ಅಳಿಸುತ್ತಾರೆ ಎಂದು ಹೆಸರು. ಅವರು ಹೊಸ ಪುಸ್ತಕ ತರಿಸುವವರೆಗೆ ಸಹಿ ಹಾಕದಿದ್ದರೆ ಶನಿವಾರ ಹೋಯಿತು. ಆ ಪುಸ್ತಕ ಮುಂಬಯಿಯಿಂದ ಬರಬೇಕು.

ಖಣ ಬಿಚ್ಚಿದೆ. ಅರಿಷಿಣ, ಕುಂಕುಮ, ಎಣ್ಣೆಯ ಕಲೆ. ಹೊದಿಕೆಯ ಮೇಲೆ ಗಡಿಗೆಯ ದುಂಡು ಗುರುತು. ಉಷ್ಣದ ಅಧ್ಯಾಯದಿಂದ ನಾಲ್ಕು ಒಣ ಮೊಳಕೆಗಳು ಹೊರಗೆ ಇಣುಕುತ್ತಿದ್ದವು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಕೆಳಗೆ ಚಪ್ಪಲಿ ಬಿಟ್ಟದ್ದು ಕೇಳಿಸಿತು.

"ಘಟ್ಟಕ್ಕ ಕೂತಿತ್ತೇನು?"

"ಹೌದ್ರಿ."

"ಒಂಬತ್ತೂ ದಿನ?"

"ಹೌದ್ರಿ."

"ಎಬ್ಬಿಸೂಮುಂದ ನೈವೇದ್ಯ ಆತೋ ಇಲ್ಲೋ?"

"ಆತ್ರಿ. ಹೋಳಿಗಿ."

"ಚಲೋ ಆತು." ಅವರು ಎರಡೂ ಕೈಯಿಂದ ಪುಸ್ತಕ ಎತ್ತಿ ಕಣ್ಣಿಗೆ ಒತ್ತಿಕೊಂಡರು. "ಪುಸ್ತಕ ಹಾಳ ಮಾಡಿದವರ ಕಡೆಯಿಂದ ಹೊಸಾದು ತರಸಬೇಕು ಅಂತ ನೇಮ ಅದ. ಆದ್ರ ಇದು ಹಾಳಾತು ಅಂತ ನಾ ಹ್ಯಾಂಗ ಅನ್ಲಿ? ದೇವರ ಮುಂದ ಕೂತು ಹಾಳಾತು ಅಂದ್ರ ನನ್ನ ನಾಲಗಿ ಏನಾಗಬೇಕು?"

ಪುಸ್ತಕವನ್ನು ಕಪಾಟಿನ ಮೇಲಿನ ಸರಸ್ವತಿಯ ಪಟದ ಪಕ್ಕಕ್ಕೆ ಇಟ್ಟರು. ರಿಜಿಸ್ಟರು ತೆರೆದು, 'ವಾಪಸು ಬಂದಾಗ ಪುಸ್ತಕದ ಸ್ಥಿತಿ' ಎಂಬ ಮನೆಯಲ್ಲಿ 'ಮೊಳಕೆ ಒಡೆದಿದೆ' ಎಂದು ಬರೆದು ಸಹಿ ಹಾಕಿದರು. ನನ್ನ ಕಾಗದಕ್ಕೂ ಹಾಕಿದರು.

ನಾನು ಬಾಗಿಲು ದಾಟುವಾಗ ಕರೆದು ಹೇಳಿದರು: "ನಪಾಸಾದಿ ಅಂತ ಮನಸ್ಸಿಗೆ ಹಚಕೋಬ್ಯಾಡ. ಆ ಪುಸ್ತಕ ಬಂದು ಹದಿನಾರು ವರ್ಷ ಆತು. ಅದರಾಗಿಂದ ಏನರೆ ಹುಟ್ಟಿದ್ದು ಇದ ಮೊದಲು."

೫. ನಗ ಒಂದು

ದಾಖಲೆ ಜೇಬಿನಲ್ಲಿಟ್ಟುಕೊಂಡು ಶುಕ್ರವಾರ ಸಂಜೆ ನರಗುಂದಕ್ಕೆ ಬಂದೆ. ಸಣ್ಣ ಕಾಲೇಜಿನ ಊರಿಗೆ ಅಲ್ಲಿಂದ ಬೆಳಿಗ್ಗೆ ಬಸ್ಸು. ನರಗುಂದದಲ್ಲಿ ನನ್ನ ಸೋದರಮಾವನಿದ್ದ, ಅವ್ವನ ಅಣ್ಣ. ಕಾಳಿನ ಅಡತಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಪತ್ರ ಬರೆಯುವುದು ಅವನ ಕೆಲಸ. ಯಾವ ಊರಿಗೆ ಎಂಥ ಜೋಳ ಹೋಯಿತು, ಎಂಥ ಗೋದಿ ಬಂತು, ಎಷ್ಟು ನಗ ಅಂದರೆ ಎಷ್ಟು ಚೀಲ, ಎಲ್ಲ ಅವನ ಅಕ್ಷರದಲ್ಲಿ.

ವಿಷಯ ಕೇಳಿ ಮಾವ ಅಂದ: "ಚೀಟಿ ಇಲ್ಲದ ಹ್ಯಾಂಗ ಹೋಗ್ತಿ? ಯಾರ ಕಡೆಯವ ಅಂತ ಕೇಳಿದ್ರ ಏನ ಹೇಳ್ತಿ? ಆ ಕಾಲೇಜಿನ ಹೆಡ್‌ಕ್ಲಾರ್ಕ ನಮ್ಮ ಗಿರಾಕಿ. ವರ್ಷದ ಜ್ವಾಳ ನಮ್ಮಲ್ಲೇ ಒಯ್ಯತಾರ. ಒಂದ ಪತ್ರ ಬರದ ಕೊಡ್ತೀನಿ."

ಅಂಗಡಿಯ ಗಾದಿಯ ಮೇಲೆ ಕೂತು, ಕಿವಿಯ ಮೇಲಿನ ಟಾಕು ತೆಗೆದು, ಒಂದೇ ಉಸುರಿಗೆ ಬರೆದ. ಅಂಟು ಹಚ್ಚಿ ಮುಚ್ಚಿ ಕೊಟ್ಟ. ಏನು ಬರೆದಿದ್ದಾನೆಂದು ನಾನು ಕೇಳಲಿಲ್ಲ.

ಶನಿವಾರ ಹನ್ನೊಂದೂವರೆಗೆ ಸಣ್ಣ ಕಾಲೇಜಿನ ಬೆಂಚಿನ ಮೇಲೆ ಕೂತೆ. ಹೆಡ್‌ಕ್ಲಾರ್ಕರು ರಜೆ. ಪ್ರಿನ್ಸಿಪಾಲರೇ ಒಳಗೆ ಕರೆದರು. ಕಚ್ಚೆಪಂಚೆ, ಮುಚ್ಚು ಕಾಲರಿನ ಕೋಟು, ನಗದ ಮುಖ. ದಾಖಲೆ ನೋಡಿದರು. ಅಂಕದ ಪಟ್ಟಿ ನೋಡಿದರು. ಹದಿಮೂರರ ಮೇಲೆ ಬೆರಳಿಟ್ಟರು.

"ಸೈನ್ಸ್‌ನ್ಯಾಗ ಕೆಟ್ಟವರೆಲ್ಲ ನಮ್ಮ ಕಡೆ ಬರ್ತಾರ. ಆರ್ಟ್ಸ್ ಅಂದ್ರೇನು ಧರ್ಮಛತ್ರ ಅಂತ ತಿಳದೀಯೇನು?"

"ಇಲ್ರಿ."

"ಒಂದ ಜಾಗಾ ಐತಿ. ಮೂರ ಮಂದಿ ಕೇಳ್ಯಾರ. ನಿನಗ ಯಾಕ ಕೊಡಬೇಕು?"

ಕುಣಿ ಕಣ್ಣಿಗೆ ಕಟ್ಟಿತು. ಬೇರೇನೂ ತೋಚದೆ ಮಾವನ ಪತ್ರ ಮುಂದಿಟ್ಟೆ. ಹೆಡ್‌ಕ್ಲಾರ್ಕರ ಹೆಸರಿಗಿತ್ತು. ಪ್ರಿನ್ಸಿಪಾಲರೇ ಒಡೆದರು. ಮೊದಲು ಮನಸ್ಸಿನಲ್ಲಿ ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು:

"ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ. ಇತ್ತ ಕಡೆ ಕ್ಷೇಮ. ಈ ಪತ್ರದ ಸಂಗಡ ಹುಡುಗ, ನಗ ಒಂದು, ನಮ್ಮ ಖಾತ್ರಿಯ ಮೇಲೆ ತಮ್ಮ ಕಡೆ ರವಾನಿಸಿದೆ. ಮಾಲು ಗಜೇಂದ್ರಗಡದ್ದು. ಈ ವರ್ಷದ್ದೇ ಇದೆ, ಹಳೆಯದಲ್ಲ. ಮೊದಲು ಬೇರೆ ಪೇಟೆಗೆ ಹಾಕಿತ್ತು, ಅಲ್ಲಿ ಉಠಾವು ಆಗಲಿಲ್ಲ. ಅದು ಪೇಟೆಯ ದೋಷ, ಮಾಲಿನ ದೋಷವಲ್ಲ. ಮೇಲೆ ತುಸು ನೆನೆದಂತೆ ಕಂಡರೂ ಒಳಗೆ ಗಟ್ಟಿ ಇದೆ. ಹುಳು ಇಲ್ಲ. ಕಲ್ಲು ಕಸ ಇಲ್ಲ. ಕೈ ಹಾಕಿ ನೋಡಿ ಇಳಿಸಿಕೊಳ್ಳಬೇಕು. ಪಸಂದ ಬೀಳದಿದ್ದರೆ ಅದೇ ಬಸ್ಸಿಗೆ ವಾಪಸು ಹಾಕಬೇಕು. ಮುಟ್ಟಿದ್ದಕ್ಕೆ ರಸೀದಿ ಕೊಡಬೇಕು."

ಓದಿ ಮುಗಿಸಿ ನನ್ನ ಕಡೆ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನೆನಪಾಯಿತು, ನನಗಾಗಿ ಆಗಲೇ ಒಂದು ಕಡೆ ಬಾಯಿ ಬಿಟ್ಟಿದೆ.

"ಹುಳು ಇಲ್ಲಂತ ಬರದಾರ. ಖರೇನೇನು?"

"ಹೌದ್ರಿ."

"ನೆನದದ್ದು?"

"ಅದೂ ಖರೇರಿ."

"ಕೈ ಹಾಕಿ ನೋಡಬೇಕಂತ." ಮೇಜಿನ ಮೇಲಿದ್ದ ಇತಿಹಾಸದ ಒಂದು ಪುಸ್ತಕ ನನ್ನ ಕಡೆ ಸರಿಸಿದರು. "ಎಲ್ಲಿ ಬೇಕಾದಲ್ಲಿ ತಗಿ. ಓದು. ಓದಿದ್ದು ಹೇಳು."

ಒಂದು ಪುಟ ಓದಿದೆ. ಮುಚ್ಚಿಟ್ಟು ಹೇಳತೊಡಗಿದೆ. ಮ್ಯಾಟ್ರಿಕ್ ಆದ ಮೇಲೆ ಅಷ್ಟು ಮಾತು ನಾನು ಯಾರೊಡನೆಯೂ ಆಡಿರಲಿಲ್ಲ. ಆ ಪುಟ ದಾಟಿ, ಅದರಲ್ಲಿ ಇಲ್ಲದ್ದನ್ನೂ, ಬೇರೆ ಪುಸ್ತಕದಲ್ಲಿ ಓದಿದ್ದನ್ನೂ ಹೇಳಿದೆ. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ನಾನು ನಿಂತೆ.

"ಯಾಕ ನಿಂತಿ?" ಎಂದರು.

"ವ್ಯಾಳ್ಯಾ ಮುಗೀತ್ರಿ."

ಅವರು ಅರ್ಜಿಯ ಮೇಲೆ ಸಹಿ ಹಾಕಿದರು. ಇನ್ನೊಂದು ಚೀಟಿ ತೆಗೆದು ಏನೋ ಬರೆದು, ಕಾಲೇಜಿನ ಶಿಕ್ಕೆ ಒತ್ತಿ ಕೊಟ್ಟರು. "ಇದನ್ನ ಬರದವರಿಗೆ ಮುಟ್ಟಿಸು." ಮುಖ ಮೊದಲಿನಂತೆಯೇ ಇತ್ತು. ನಾನು ಬಾಗಿಲು ಎಳೆದುಕೊಂಡ ಮೇಲೆ ಒಳಗೆ ಬಹಳ ಹೊತ್ತು ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ ಎಂದು ಈಗ ಗೊತ್ತು.

ಸಂಜೆ ನರಗುಂದದಲ್ಲಿ ಮಾವ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ:

"ಹುಡುಗ, ನಗ ಒಂದು, ಮುಟ್ಟಿದೆ. ನೆನೆದದ್ದು ನಿಜ. ಒಣಗಲು ಹಾಕಿದೆ. ಕಾಳು ಚಲೋ ಇದೆ."

ಮಾವ ನಗಲಿಲ್ಲ. ಅವನಿಗೆ ಅದರಲ್ಲಿ ನಗುವಂಥದ್ದು ಕಾಣಲಿಲ್ಲ. ಅದನ್ನು ಗೋಡೆಯ ತಂತಿಗೆ, ಜೋಳ ಗೋದಿಯ ರಸೀದಿಗಳ ಮೇಲೆ ಚುಚ್ಚಿದ. "ಆತಪಾ. ರಸೀದಿ ಬಂದ ಮ್ಯಾಲೆ ಅವರು ವಾಪಸ್ ಹಾಕಾಕ ಬರಂಗಿಲ್ಲ."

"ಮಾಮಾ, ಅದನ್ನ ಅಪ್ಪಗ ತೋರಸಬೇಕಿತ್ತು."

"ಅಂಗಡಿ ಕಾಗದ ಹೊರಗ ಕೊಡಾಕ ಬರಂಗಿಲ್ಲ. ಬಾಯಿಲೆ ಹೇಳು."

ನಮ್ಮ ಮನೆಯಲ್ಲಿ ಅದೇ ಕಷ್ಟದ ಕೆಲಸ.

ಭಾನುವಾರ ಮಧ್ಯಾಹ್ನ ಮನೆ ಮುಟ್ಟಿದೆ. ಕುಣಿ ಮುಗಿದಿತ್ತು. ಅಪ್ಪ ಅಂಚಿಗೆ ಸೆಗಣಿ ಸಾರಿಸಿ, ಕೂಡಲು ಒಂದು ಗೋಣಿತಾಟು ಮಡಚಿ ಇಟ್ಟಿದ್ದ. ಅಜ್ಜನ ಮಗ್ಗ ಅಟ್ಟದಿಂದ ಇಳಿದಿತ್ತು. ಅಪ್ಪ ತನ್ನ ಮಗ್ಗದಲ್ಲಿ ಕಡಿದ ಎಳೆಯೊಂದನ್ನು ಬೆರಳಿನಿಂದ ಹುಡುಕುತ್ತಿದ್ದ. ನಾನು ಕೂತು ಎಳೆ ಹುಡುಕಿ ಗಂಟು ಹಾಕಿದೆ. ಕಡೆಗೆ ನಾನೇ ಹೇಳಿದೆ: "ಇಳಿಸಿಕೊಂಡ್ರು."

ಆಮೇಲೆ ಪತ್ರ ಪೂರ್ತಿ ಹೇಳಿದೆ. ಬಾಯಿಪಾಠ ಬಂದಿತ್ತು. ರಸೀದಿಯನ್ನೂ ಹೇಳಿದೆ. ಒಳಗಿನಿಂದ ಅಜ್ಜಿ ನಗುವುದು ಕೇಳಿಸಿತು. ಅಪ್ಪ ನಗಲಿಲ್ಲ. ಅವ್ವ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಲಾಳಿ ಕೆಳಗಿಟ್ಟು ಎದ್ದ. ಹಿತ್ತಲಿಗೆ ಹೋಗಿ ಎರಡು ಹಲಗೆ ತಂದ. ಗೋಣಿತಾಟು ಎತ್ತಿ ಕೊಡವಿ ಬದಿಗಿಟ್ಟ.

"ಆ ಕಡೆ ಹಿಡಿ," ಎಂದ.

ನಾನು ಹಲಗೆಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಕುಣಿ ಮುಚ್ಚಿದೆವು.

"ತುಂಬೋದಿಲ್ಲೇನು, ಅಪ್ಪಾ?"

"ಯಾಕ ತುಂಬೂಣು? ತೋಡಿದ್ದು ತೋಡೀನಿ. ಕಾಳು ತುಂಬಿಡಾಕ ಹಗೇವು ಮಾಡೂಣು," ಎಂದ ಅಪ್ಪ. ಹಲಗೆ ಅಲುಗಾಡುತ್ತದೋ ಎಂದು ಕಾಲಿನಿಂದ ಒತ್ತಿ ನೋಡಿದ. ಆಮೇಲೆ, ನನ್ನ ಕಡೆ ನೋಡದೆ, ಅತಿ ಗಂಭೀರವಾಗಿ ಹೇಳಿದ:

"ನಿಮ್ಮ ಮಾಮಾಗ ಹೇಳಿ ಒಂದ ಚೀಲ ಜ್ವಾಳ ತರಸು. ಹೋದ ಸಲದಂಗ ನೆನದದ್ದು ಬ್ಯಾಡ."